ದೊರೆಸಾನಿ ನಮ್ಮೂರ ಡೇರೆಗೆ ಬಂದಾಗ

ಸುಗ್ಗಿ ಮುಗಿದು ಕಣ ಬರಿದಾದ ಮೇಲೆ ಬೈಲಹೊಂಗಲ ಸೀಮೆಯ ನಮ್ಮೂರಿಗೆ ಟೂರಿಂಗ್ ಟಾಕೀಸು ಬರುತ್ತಿತ್ತು. ಆ ಸಲ ಚಕ್ಕಡಿಗೆ ಮೈಕು ಕಟ್ಟಿ ಸಾರಿದ ಹೆಸರು ‘ಕಿತ್ತೂರು ಚೆನ್ನಮ್ಮ’. ಸಿನಿಮಾ ಅಂದರೆ ಮೂಗು ಮುರಿಯುತ್ತಿದ್ದ ನಮ್ಮ ಆಯಿ ಎಲ್ಲರಿಗಿಂತ ಮೊದಲು ಸೆರಗು ಹೊದ್ದು ಹೊರಟು ನಿಂತಳು. “ನಮ್ಮ ದೊರೆಸಾನಿ ಬರ್ತಾಳಂತ, ನಾ ಮನ್ಯಾಗ ಹೆಂಗ ಕುಂದರ್ಲಿ?” ಅಂದಳು.

ಡೇರೆಯೊಳಗೆ ನೆಲವೇ ಆಸನ. ಗಂಡಸರು ಒಂದು ಕಡೆ, ಹೆಂಗಸರು ಇನ್ನೊಂದು ಕಡೆ, ನಡುವೆ ಒಂದು ಹಗ್ಗ. ಮಲ್ಲಸರ್ಜನಾಗಿ ರಾಜಕುಮಾರ್ ಬಂದಾಗ ಸಿಳ್ಳೆ ಬಿದ್ದವು. ಚೆನ್ನಮ್ಮನಾಗಿ ಬಿ. ಸರೋಜಾದೇವಿ ಬಂದಾಗ ಮಾತ್ರ ಡೇರೆಗೆ ಡೇರೆಯೇ ಸುಮ್ಮನಾಯಿತು. ಗೀಗೀ ಪದದಲ್ಲಿ ಹುಟ್ಟಿದಾಗಿನಿಂದ ಕೇಳುತ್ತ ಬಂದ ರಾಣಿ ಇವಳೇನಾ ಎಂದು ಅಳೆದು ನೋಡುವ ಕಣ್ಣು ಎಲ್ಲರದೂ.

ಪ್ರೊಜೆಕ್ಟರ್ ಒಂದೇ. ರೀಲು ಬದಲಿಸುವಾಗಲೆಲ್ಲ ದೀಪ ಹಾಕುತ್ತಿದ್ದರು. ಆ ಬಿಡುವಿನಲ್ಲಿ ಆಯಿ ಸುತ್ತ ಕೂತ ಹುಡುಗರಿಗೆ ಮುಂದಿನ ಕಥೆ ಹೇಳಿಬಿಡುತ್ತಿದ್ದಳು. ಕಾಕತಿಯ ಹುಡುಗಿ ಕಿತ್ತೂರಿನ ಕಿರಿಯ ರಾಣಿಯಾದದ್ದು, ಪೇಶ್ವೆಯ ಸೆರೆಯಲ್ಲಿ ನವೆದ ಮಲ್ಲಸರ್ಜ ತೀರಿಕೊಂಡದ್ದು, ಹೆತ್ತ ಮಗನೂ ಉಳಿಯದೆ ಹೋದದ್ದು, ಹಿರಿಯ ರಾಣಿ ರುದ್ರಮ್ಮನ ಮಗ ಶಿವಲಿಂಗರುದ್ರಸರ್ಜ ಮಕ್ಕಳಿಲ್ಲದೆ ಕಣ್ಣು ಮುಚ್ಚಿದ್ದು. ಇಸವಿಗಳು ಆಯಿಗೆ ಗೊತ್ತಿರಲಿಲ್ಲ. ಮಲ್ಲಸರ್ಜ ಹೋದದ್ದು 1816ರಲ್ಲಿ, ಶಿವಲಿಂಗರುದ್ರಸರ್ಜ ಹೋದದ್ದು 1824ರಲ್ಲಿ ಎಂದು ನಾನು ಆಮೇಲೆ ಓದಿ ತಿಳಿದೆ. ದತ್ತಕ ತೆಗೆದುಕೊಂಡ ಹುಡುಗನನ್ನು ಧಾರವಾಡದ ಕಲೆಕ್ಟರ್ ಥ್ಯಾಕರೆ ಒಪ್ಪಲಿಲ್ಲ, ಬೊಕ್ಕಸಕ್ಕೆ ಮೊಹರು ಹಾಕಿಸಿದ. ಸಂಸ್ಥಾನ ಕೈಬಿಡುವ ಹೊತ್ತಿನಲ್ಲಿ ಚೆನ್ನಮ್ಮ ಆಡಳಿತ ಹಿಡಿದಳು. “ಆಕಿ ಗಾದಿ ಬೇಡಿ ಪಡದಾಕಿ ಅಲ್ಲ, ತೆಲಿ ಮ್ಯಾಲ ಬಿದ್ದ ಭಾರ ಹೊತ್ತಾಕಿ” ಅಂದಳು ಆಯಿ. ಅಷ್ಟರಲ್ಲಿ ದೀಪ ಆರಿತು.

ಆಮೇಲೆ ಬಂತು ಆ ದೃಶ್ಯ. ಕಪ್ಪ ಕೇಳುವ ಇಂಗ್ಲಿಷರವನ ಎದುರು ರಾಣಿ ಗುಡುಗಿದಳು. ಒಂದೊಂದು ಮಾತಿಗೂ ಸರೋಜಾದೇವಿಯವರ ದನಿ ಮೇಲೇರುತ್ತಿತ್ತು, ಕಣ್ಣಲ್ಲಿ ಕಿಡಿ ಹಾರುತ್ತಿತ್ತು. ಹಗ್ಗದ ಆಚೆ ಕೂತಿದ್ದ ಒಬ್ಬ ಮುದುಕ ತಡೆಯಲಾರದೆ ಎದ್ದು ನಿಂತು, ಪಟಗ ಬಿಚ್ಚಿ ಮೇಲಕ್ಕೆ ಹಾರಿಸಿ, “ಭಲೆ ನಮ್ಮವ್ವ!” ಎಂದು ಕೂಗಿದ. ಪಟಗದ ನೆರಳು ಪರದೆಯ ಮೇಲೆ ಬಿದ್ದು ರಾಣಿಯ ಮುಖವನ್ನೇ ಮುಚ್ಚಿತು. ಯಾರೂ ಬೈಯಲಿಲ್ಲ. ಇನ್ನೊಮ್ಮೆ ಹಾಕು ಎಂದು ಜನ ಪಟ್ಟು ಹಿಡಿದರು. ಆಪರೇಟರ್ ರೀಲು ಹಿಂದಕ್ಕೆ ಸುತ್ತಿ ಮತ್ತೆ ತೋರಿಸಿದ ಮೇಲೇ ಕಥೆ ಮುಂದೆ ಸಾಗಿತು. 1824ರ ಅಕ್ಟೋಬರ್ 23ರ ಕಾಳಗದಲ್ಲಿ ಥ್ಯಾಕರೆಯನ್ನು ಗುಂಡಿಟ್ಟು ಕೆಡವಿದ ಬಾಳಪ್ಪ ತಮ್ಮೂರಿನವನೆಂದು ಅಮಟೂರಿನಿಂದ ನಡೆದು ಬಂದವರು ಎದೆಯುಬ್ಬಿಸಿ ಹೇಳಿಕೊಂಡರು. ಡಿಸೆಂಬರಿನಲ್ಲಿ ಕಂಪನಿಯ ದೊಡ್ಡ ದಂಡು ತಿರುಗಿ ಬಂದು ಕೋಟೆ ಬಿದ್ದದ್ದನ್ನೂ, ರಾಣಿ ನಮ್ಮ ಬೈಲಹೊಂಗಲದಲ್ಲೇ ಸೆರೆಯಾಗಿದ್ದು 1829ರಲ್ಲಿ ಪ್ರಾಣ ಬಿಟ್ಟದ್ದನ್ನೂ ಅಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಹೆಂಗಸರ ಕಡೆಯಿಂದ ಬಿಕ್ಕುವ ಸದ್ದು ಕೇಳುತ್ತಿತ್ತು.

ಈ ಚಿತ್ರ ತೆರೆಗೆ ಬಂದದ್ದು 1961ರಲ್ಲಿ. ಮುಂಬೈ, ಹೈದರಾಬಾದು, ಮೈಸೂರು ಎಂದು ಹಂಚಿಹೋಗಿದ್ದ ಕನ್ನಡಿಗರು ಒಂದೇ ರಾಜ್ಯದವರಾಗಿ ಆಗ ಐದು ವರ್ಷ. ನಿರ್ದೇಶಕ ಬಿ.ಆರ್. ಪಂತುಲು ನಮ್ಮ ಸೀಮೆಯವರಲ್ಲ, ಸರೋಜಾದೇವಿ ಬೆಂಗಳೂರಿನವರು. ಅವರು ನಮ್ಮ ರಾಣಿಯನ್ನು ತಮ್ಮವಳೆಂದು ಎತ್ತಿಕೊಂಡರು. ಲಾವಣಿ, ಗೀಗೀ ಪದಗಳಲ್ಲಿ ನಮ್ಮ ಸೀಮೆ ಕಾಪಾಡಿಕೊಂಡು ಬಂದ ಹೆಸರು ಕಾವೇರಿ ತೀರದ ಹಳ್ಳಿಗಳಲ್ಲೂ ಮನೆಮಾತಾಯಿತು. ನಕ್ಷೆಯ ಮೇಲೆ ಒಂದಾದ ನಾಡನ್ನು ಮನಸ್ಸಿನಲ್ಲೂ ಒಂದು ಮಾಡಿದ ಕೆಲಸಗಳಲ್ಲಿ ಈ ಚಿತ್ರಕ್ಕೆ ದೊಡ್ಡ ಪಾಲು ಸಲ್ಲಬೇಕು ಎಂದು ನಾನು ನಂಬಿದ್ದೇನೆ.

ನಿಮ್ಮ ಮಕ್ಕಳಿಗೆ ಈ ಚಿತ್ರವನ್ನು ಒಮ್ಮೆ ತೋರಿಸಿ. ತೋರಿಸಿದ ಮೇಲೆ ಕಿತ್ತೂರಿನ ಕೋಟೆಗೂ ಬೈಲಹೊಂಗಲದ ಸಮಾಧಿಗೂ ಕರೆದುಕೊಂಡು ಬನ್ನಿ.