ಒಕ್ಕಲು

ಕನ್ನಡದಲ್ಲಿ ‘ಒಕ್ಕಲು’ ಎಂಬ ಪದಕ್ಕೆ ಸೀಮೆಗೊಂದು ಅರ್ಥವಿದೆ. ನಾನು ಹುಟ್ಟಿ ಬೆಳೆದ ಕಾಸರಗೋಡಿನ ಕಡೆ ಒಕ್ಕಲೆಂದರೆ ಗೇಣಿಗೆ ಭೂಮಿ ಮಾಡುವವನು. ಹೊಸ ಮನೆಯಲ್ಲಿ ಹಾಲುಕ್ಕಿಸಿ ಕಾಲಿಟ್ಟರೆ ಅದೂ ‘ಮನೆ ಒಕ್ಕಲು’. ಸೊಲ್ಲಾಪುರಕ್ಕೆ ಬಂದ ಮೇಲೆ ‘ಒಕ್ಕಲುತನ’ ಎಂದರೆ ಬೇಸಾಯ ಎಂಬ ಅರ್ಥ ಕಿವಿಗೆ ಬೀಳತೊಡಗಿತು. ಪರರ ನೆಲ, ತನ್ನ ಸೂರು, ಕೈಯ ದುಡಿಮೆ ಎಂಬ ಈ ಮೂರು ಅರ್ಥಗಳಿಗೂ ಸಮಾನವಾದುದು ಒಂದು ಕಡೆ ನೆಲೆ ನಿಲ್ಲುವುದು. ಎಪ್ಪತ್ತರ ಅಂಚಿನಲ್ಲಿ ದಂಪತಿಗಳಿಬ್ಬರು ಎರಡನೆಯ ಸಲ ಒಕ್ಕಲಾಗುವುದೆಂದರೆ ಏನು ಎಂಬುದನ್ನು ಸಂಘದ ಬಂಧುಗಳ ಮುಂದೆ ನಾಲ್ಕು ಮಾತಿನಲ್ಲಿ ಹೇಳಬೇಕೆನಿಸಿದೆ.

ನಮ್ಮ ಮನೆಯಿದ್ದುದು ಗುಡ್ಡದ ಇಳಿಜಾರಿನಲ್ಲಿ. ಮೇಲೆ ಮುರಕಲ್ಲಿನ ಗುಡ್ಡ, ಕೆಳಗೆ ಅಡಿಕೆಯ ತೋಟ, ನಡುವೆ ಮನೆ. ರಸ್ತೆಯಿಂದ ಅಂಗಳಕ್ಕೆ ನಲವತ್ತೆರಡು ಮೆಟ್ಟಿಲು. ಒಂದು ಆಟಿ ತಿಂಗಳಲ್ಲಿ ಪಾಚಿಗಟ್ಟಿದ ಆ ಮೆಟ್ಟಿಲಿನ ಮೇಲೆ ನನ್ನ ಪತ್ನಿ ಜಾರಿಬಿದ್ದು ಸೊಂಟದ ಮೂಳೆ ಮುರಿಯಿತು. ಸೊಲ್ಲಾಪುರದಲ್ಲಿ ಅಧ್ಯಾಪಕಿಯಾಗಿರುವ ಮಗಳು ಅಂದಿನಿಂದ ಪಟ್ಟು ಹಿಡಿದಳು. ಆಕೆಯ ಮನೆಯ ಪಕ್ಕದ ಬೀದಿಯಲ್ಲಿಯೇ ನೆಲಮಾಳಿಗೆಯಲ್ಲದ, ಮೆಟ್ಟಿಲೂ ಇಲ್ಲದ ಎರಡು ಕೋಣೆಗಳ ಮನೆ ಸಿಕ್ಕಿತು. ತೋಟವನ್ನು ತಮ್ಮನ ಮಗನ ವಶಕ್ಕೆ ಒಪ್ಪಿಸಿ ಹೊರಟೆವು.

ಸಾಮಾನಿನ ಲಾರಿ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಅಂಕೋಲೆಯವರೆಗೆ ಸಾಗಿ, ಅಲ್ಲಿಂದ 52ನೆಯ ಹೆದ್ದಾರಿ ಹಿಡಿದು ಯಲ್ಲಾಪುರ, ಹುಬ್ಬಳ್ಳಿ, ವಿಜಯಪುರಗಳನ್ನು ಹಾದು ಸೊಲ್ಲಾಪುರ ಸೇರಿತು. ಸುಮಾರು 700 ಕಿಲೋಮೀಟರುಗಳ ದಾರಿ. ನಾವಿಬ್ಬರೂ ಅಳಿಯನ ಕಾರಿನಲ್ಲಿ ಅದೇ ದಾರಿಯಲ್ಲಿ ಬಂದೆವು. ತಲಪಾಡಿಯಲ್ಲಿ ಕೇರಳ ಮುಗಿದು ಕರ್ನಾಟಕ ಆರಂಭವಾಯಿತು; ಧೂಳಖೇಡದ ಬಳಿ ಭೀಮಾ ನದಿಯನ್ನು ದಾಟುವಾಗ ಕರ್ನಾಟಕ ಮುಗಿದು ಮಹಾರಾಷ್ಟ್ರ ಬಂತು. ಆಗ ನನ್ನ ಪತ್ನಿ, “ಇಡೀ ಕರ್ನಾಟಕವನ್ನು ದಾಟಿದೆವು, ಇಳಿಯುವುದಕ್ಕೆ ನಮಗೊಂದು ಊರು ಅದರಲ್ಲಿ ಸಿಗಲಿಲ್ಲ ನೋಡಿ” ಎಂದಳು. ನಗುತ್ತಲೇ ಹೇಳಿದ ಮಾತು. 1956ರ ನವೆಂಬರ್ 1ರಂದು ರಾಜ್ಯಗಳ ಗೆರೆ ಎಳೆದಾಗ ಕಾಸರಗೋಡೂ ಸೊಲ್ಲಾಪುರವೂ ಆ ಗೆರೆಯ ಆಚೆಗೇ ಉಳಿದವು. ದಕ್ಷಿಣದ ಗಡಿಯಿಂದ ಉತ್ತರದ ಗಡಿಗೆ ಹೊರಟ ನಮಗೆ ಕರ್ನಾಟಕವೆಂಬುದು ನಡುವಿನ ಹಾದಿಯಷ್ಟೇ ಆಯಿತು.

ಹೊಸ ಮನೆಯಲ್ಲಿ ನಾವು ಮೊದಲು ಕಲಿಯಬೇಕಾದ ಪಾಠ ನೀರಿನದು. ಕಾಸರಗೋಡಿನಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಮಿಕ್ಕಿ ಮಳೆ. ಸೊಲ್ಲಾಪುರದ ಮಳೆ ಅದರ ಐದರಲ್ಲೊಂದು ಪಾಲಿನಷ್ಟು. ನಮ್ಮ ಮನೆಯ ಹಿಂದೆ ನನ್ನ ಅಜ್ಜನ ಕಾಲದ ಸುರಂಗವೊಂದಿತ್ತು. ಆ ಕಡೆಯನ್ನು ಕಾಣದವರಿಗಾಗಿ ಹೇಳುವುದಾದರೆ, ಗುಡ್ಡದ ಒಡಲಿಗೆ ಅಡ್ಡಲಾಗಿ, ಒಬ್ಬ ಮನುಷ್ಯ ಬಾಗಿ ನುಗ್ಗುವಷ್ಟು ಅಗಲಕ್ಕೆ, ಹಾರೆ ಪಿಕ್ಕಾಸುಗಳಿಂದ ಮುರಕಲ್ಲನ್ನು ಕೊರೆಯುತ್ತಾ ಹೋಗುತ್ತಾರೆ. ಒಳಗೆ ಜಿನುಗುವ ನೀರು ಯಾವ ಯಂತ್ರದ ಹಂಗೂ ಇಲ್ಲದೆ ತಾನಾಗಿ ಹರಿದು ಹೊರಬರುತ್ತದೆ. ಅಡಿಕೆ ಮರದ ದಂಬೆಯಲ್ಲಿ ಅದು ಅಂಗಳದ ತೊಟ್ಟಿಗೆ ಹಗಲಿರುಳು ಬೀಳುತ್ತಿತ್ತು. ಆ ಸದ್ದಿಲ್ಲದ ರಾತ್ರಿಯೊಂದನ್ನು ನನ್ನ ಪತ್ನಿ ನಲವತ್ತಾರು ವರ್ಷ ಕಂಡಿರಲಿಲ್ಲ.

ಸೊಲ್ಲಾಪುರ ನಗರದ ನೀರು ದೂರದ ಉಜನಿ ಜಲಾಶಯದಿಂದ ಬರಬೇಕು. ನಳದಲ್ಲಿ ಅದು ಕಾಣಿಸಿಕೊಳ್ಳುವುದು ಕೆಲವು ದಿನಗಳಿಗೊಮ್ಮೆ, ಅದೂ ಹೊತ್ತಲ್ಲದ ಹೊತ್ತಿನಲ್ಲಿ. ನಾವು ಬಂದ ಮೂರನೆಯ ದಿನ ನಸುಕಿನ ನಾಲ್ಕು ಗಂಟೆಗೆ ಬಾಗಿಲು ಬಡಿದ ಸದ್ದಾಯಿತು. ಎದುರುಮನೆಯ, ಅಕ್ಕಲಕೋಟೆ ಕಡೆಯ ಗೃಹಿಣಿ ಕೈಯಲ್ಲಿ ಕೊಡ ಹಿಡಿದು ನಿಂತಿದ್ದರು. “ಅಕ್ಕಾರ, ನೀರ ಬಂದಾವ್ರಿ, ಲಗೂ ಏಳ್ರಿ!” ನಾನು ನಿದ್ದೆಗಣ್ಣಿನಲ್ಲಿಯೂ ವ್ಯಾಕರಣದ ಮೇಷ್ಟರು. ನೀರು ‘ಬಂತು’ ಎನ್ನದೆ ‘ಬಂದಾವ’ ಎಂದರು; ಇಲ್ಲಿ ನೀರು ಬಹುವಚನ! ತೊಟ್ಟಿ ತುಂಬಿ ಹರಿಯುವ ಊರಿನಲ್ಲಿ ನೀರನ್ನು ಏಕವಚನದಲ್ಲಿ ಕರೆದುಕೊಂಡಿದ್ದೆವು. ಕೊಡ ಕೊಡವಾಗಿ ಎಣಿಸಿ ತುಂಬುವ ಊರಿನಲ್ಲಿ ಅದು ಅನೇಕವಾಗಿದೆ. ಇದು ಭಾಷಾಶಾಸ್ತ್ರವಲ್ಲ, ನನ್ನ ಮನಸ್ಸಿಗೆ ಹೊಳೆದ ಸಮಾಧಾನ.

ಆ ಬೆಳಗಿನಿಂದ ನನ್ನ ಪತ್ನಿಗೆ ಒಂದು ಹೊಸ ಶಿಸ್ತು ಬಂತು. ಕುಡಿಯುವುದಕ್ಕೆ ತಾಮ್ರದ ಹಂಡೆ, ಅಡುಗೆಗೆ ಎರಡು ಕೊಡ, ಬಳಕೆಗೆ ಡ್ರಮ್ಮು. ಅಕ್ಕಿ ತೊಳೆದ ನೀರು ತುಳಸಿಗೆ, ಅರಿವೆ ಒಗೆದ ನೀರು ಹಿತ್ತಿಲಿಗೆ. ‘ಅರಿವೆ’ ಎಂಬ ಪದವನ್ನು ನಾನು ಹಳಗನ್ನಡದ ಪಾಠಗಳಲ್ಲಿ ಅರ್ಥ ಬರೆಸಿ ಕಲಿಸಿದವನು. ಇಲ್ಲಿ ಅದು ಹಗ್ಗದ ಮೇಲೆ ಒಣಗುತ್ತಿದೆ.

ಅಡುಗೆಮನೆಯ ಒಕ್ಕಲು ಇಷ್ಟು ಸುಲಭವಾಗಲಿಲ್ಲ. ಊರಿನಿಂದ ತಂದ ಎರಡು ಮೂಟೆ ಕುಚ್ಚಲಕ್ಕಿ ಮುಗಿಯುವವರೆಗೆ ನಾವು ನಿಜವಾಗಿ ಸೊಲ್ಲಾಪುರದಲ್ಲಿ ಇರಲಿಲ್ಲ. ತೆಂಗಿನಕಾಯಿಯ ಲೆಕ್ಕವಿಡುವುದು ಆಕೆಗೆ ಅವಮಾನವೆನಿಸುತ್ತಿತ್ತು. ಒಮ್ಮೆ ಎದುರುಮನೆಯವರು, “ಕಾಯಿಪಲ್ಯಾ ತರಾಕ ಹೊಂಟೀನಿ, ನಿಮಗೇನರ ಬೇಕೇನ್ರಿ?” ಎಂದು ಕೇಳಿದರು. ಈಕೆ “ಎರಡು ಕಾಯಿ ತನ್ನಿ” ಎಂದಳು. ನಮ್ಮ ಕಡೆ ಬರಿಯ ಕಾಯಿಯೆಂದರೆ ತೆಂಗಿನಕಾಯಿಯಲ್ಲದೆ ಬೇರೆಯಿಲ್ಲ. ಅವರು ತಂದುಕೊಟ್ಟದ್ದು ಹೀರೆಕಾಯಿ ಮತ್ತು ಚವಳಿಕಾಯಿ. ಇಬ್ಬರೂ ಬಾಗಿಲಲ್ಲಿ ನಿಂತು ಕಣ್ಣಲ್ಲಿ ನೀರು ಬರುವಂತೆ ನಕ್ಕರು. ನಾವು ಬಂದ ಮೇಲೆ ಆಕೆ ಹಾಗೆ ನಕ್ಕದ್ದು ಅದೇ ಮೊದಲು.

ಅನಂತರ ಕೊಡುಕೊಳ್ಳುವಿಕೆ ಬೆಳೆಯಿತು. ಅವರು ಮಾಲದಂಡಿ ಜೋಳದ ಹಿಟ್ಟಿಗೆ ಬಿಸಿನೀರು ಹಾಕಿ ನಾದುವುದನ್ನೂ ರೊಟ್ಟಿ ಬಡಿಯುವುದನ್ನೂ ಕಲಿಸಿದರು. ಆರು ತಿಂಗಳ ಕಾಲ ಈಕೆಯ ರೊಟ್ಟಿ ಅಂಚು ಬಿರಿಯದೆ ಹಂಚಿಗೆ ಹೋದದ್ದಿಲ್ಲ. ಪ್ರತಿಯಾಗಿ ಈಕೆ ಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ ಕೊಟ್ಟಳು. ನೀರುದೋಸೆ ಎರೆಯುವುದನ್ನು ತೋರಿಸಿದಳು. ಇಂದು ಎದುರುಮನೆಯಲ್ಲಿ ಅದರ ಹೆಸರು ‘ನೀರದ್ವಾಸಿ’. ಅದರ ಜತೆಗೆ ನೆಂಚಿಕೊಳ್ಳುವುದು ಶೇಂಗಾ ಚಟ್ನಿ. ಕರಾವಳಿಯ ಹಿರಿಯರು ಒಪ್ಪಲಾರರು, ಆದರೆ ರುಚಿಯಾಗಿಯೇ ಇದೆ.

ಇಷ್ಟನ್ನು ಓದಿದವರು ಎಲ್ಲವೂ ನಗುನಗುತ್ತಾ ಸಾಗಿತೆಂದು ಭಾವಿಸಬಾರದು. ಕಾಸರಗೋಡಿನಲ್ಲಿ ನಮ್ಮ ಮನೆಮಾತು ತುಳು, ಶಾಲೆಯ ಮಾತು ಕನ್ನಡ, ಪೇಟೆಯ ಮಾತು ಮಲಯಾಳ. ಸೊಲ್ಲಾಪುರವೂ ಹಾಗೆಯೇ ಹಲವು ನಾಲಗೆಯ ಊರು: ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಮರಾಠಿ, ನೇಕಾರರ ಕೇರಿಗಳಲ್ಲಿ ತೆಲುಗು, ಸಂತೆಯಲ್ಲಿ ದಖನಿ. ಇಷ್ಟರ ನಡುವೆ ತುಳುವಿಗೆ ಮಾತ್ರ ಜಾಗವಿಲ್ಲ. ಮಗಳು ಬಲ್ಲಳು, ಆದರೆ ಅವಳಿಗೆ ಹಗಲೆಲ್ಲ ಕಾಲೇಜು. ಮೊಮ್ಮಕ್ಕಳಿಗೆ ಅದು ಬಾರದು. ಹಗಲಿಡೀ ತುಳುವಿನಲ್ಲಿ ಮಾತನಾಡಲು ನನಗೆ ಆಕೆ, ಆಕೆಗೆ ನಾನು.

ಮೊದಲ ಕೆಲವು ತಿಂಗಳು ಆಕೆ ಮಾತನ್ನೇ ಕಡಿಮೆ ಮಾಡಿದ್ದಳು. ಊರಿನಲ್ಲಿ ಆಕೆಗೆ ದನದ ಕೊಟ್ಟಿಗೆ, ತೋಟದ ಕೆಲಸದವರು, ಬೇಲಿಯಾಚೆಯ ನೆರೆಯವರು. ನನಗೆ ಶಾಲೆ, ಆಮೇಲೆ ಗ್ರಂಥಾಲಯ. ನಮ್ಮಿಬ್ಬರ ನಡುವೆ ದಿನಕ್ಕೆ ಇಪ್ಪತ್ತು ಮಾತು ಸಾಕಾಗುತ್ತಿತ್ತು. ಇಲ್ಲಿ ಎರಡು ಕೋಣೆಗಳಲ್ಲಿ ಎದುರೆದುರು ಕುಳಿತಾಗ ಆ ಇಪ್ಪತ್ತು ಬೆಳಗಿನ ಕಾಫಿಗೇ ಮುಗಿಯುತ್ತಿತ್ತು. ಆಮೇಲೆ ನಿಧಾನವಾಗಿ, ಮದುವೆಯಾದ ಹೊಸತರಲ್ಲಿ ಆಡದೆ ಉಳಿದಿದ್ದ ಸಂಗತಿಗಳೆಲ್ಲ ಹೊರಬರತೊಡಗಿದವು. ಆಕೆಯ ತಂದೆ ತೀರಿಕೊಂಡ ದಿನದ ವಿವರವನ್ನು ನಾನು ಪೂರ್ತಿಯಾಗಿ ಕೇಳಿದ್ದು ಸೊಲ್ಲಾಪುರದ ಒಂದು ಮೇ ತಿಂಗಳ ಮಧ್ಯಾಹ್ನ, ಹೊರಗೆ ಬಿಸಿಲು 43 ಡಿಗ್ರಿ ಇದ್ದಾಗ. ನಮ್ಮಲ್ಲಿ ಒಬ್ಬರು ಇಲ್ಲವಾದ ದಿನ ಉಳಿದವರ ತುಳು ಏನಾದೀತು ಎಂಬ ಯೋಚನೆ ಇಬ್ಬರಿಗೂ ಬರುತ್ತದೆ. ಅದನ್ನು ನಾವು ಬಾಯಿಬಿಟ್ಟು ಆಡುವುದಿಲ್ಲ. ಬದಲಾಗಿ ಹೆಚ್ಚು ಮಾತನಾಡುತ್ತೇವೆ.

ನನ್ನ ಪಾಲಿಗೆ ನೆಲೆ ಒದಗಿಸಿದ್ದು ಕೆರೆಯ ದಂಡೆ. 12ನೆಯ ಶತಮಾನದಲ್ಲಿ ಸೊನ್ನಲಿಗೆಯೆಂದು ಹೆಸರಾಗಿದ್ದ ಈ ಊರಿನಲ್ಲಿ ಸಿದ್ಧರಾಮ ಕೆರೆ ಕಟ್ಟಿಸಿದ ಕಥೆಯನ್ನೂ, ಮಣ್ಣಿನ ಕೆಲಸದಲ್ಲಿ ಮುಳುಗಿದ್ದ ಅವನನ್ನು ಅಲ್ಲಮಪ್ರಭು ಒಡ್ಡನೆಂದು ಕರೆದ ಪ್ರಸಂಗವನ್ನೂ ಎಷ್ಟೋ ತಂಡಗಳ ಮಕ್ಕಳಿಗೆ ಪಾಠ ಮಾಡಿದ್ದೆ. ಆ ಕೆರೆಗೆ ಸಂಜೆಯ ವಾಯುವಿಹಾರಕ್ಕೆ ಹೋಗುವ ಭಾಗ್ಯ ಬಂದೀತೆಂದು ಎಣಿಸಿರಲಿಲ್ಲ. ಜನವರಿಯ ಸಂಕ್ರಾಂತಿಯ ಗಡ್ಡಾ ಜಾತ್ರೆಯಲ್ಲಿ ಏಳು ನಂದಿಧ್ವಜಗಳು ಅರವತ್ತೆಂಟು ಲಿಂಗಗಳ ದರ್ಶನಕ್ಕೆ ಹೊರಟಾಗ, ಬಿಳಿಯ ಬಾರಾಬಂದಿ ತೊಟ್ಟ ಭಕ್ತರ ನಡುವೆ ನಿಂತು ನೋಡಿದೆ. ಪಕ್ಕದವರು ಯಾವ ಊರೆಂದು ಕೇಳಿ, ಉತ್ತರಕ್ಕೆ ತಲೆದೂಗಿ, “ಗುರೂಜಿ, ಮುಂದ ಬರ್ರಿ, ಇಲ್ಲಿಂದ ಛಲೋ ಕಾಣ್ತದ” ಎಂದು ಜಾಗ ಬಿಟ್ಟರು. ಕಾಸರಗೋಡಿನ ‘ಮಾಸ್ಟ್ರು’ ಅಂದು ಸೊಲ್ಲಾಪುರದ ‘ಗುರೂಜಿ’ಯಾದೆ.

ಎರಡೂ ಊರುಗಳ ನಂಟು ಹೊಸತಲ್ಲ. ಕನ್ನಡ ಸಾಹಿತ್ಯ ಸಮ್ಮೇಳನ 1948ರಲ್ಲಿ ತಿ.ತಾ. ಶರ್ಮರ ಅಧ್ಯಕ್ಷತೆಯಲ್ಲಿ ಕಾಸರಗೋಡಿನಲ್ಲಿ ನಡೆಯಿತು, 1950ರಲ್ಲಿ ಎಂ.ಆರ್. ಶ್ರೀನಿವಾಸಮೂರ್ತಿಯವರ ಅಧ್ಯಕ್ಷತೆಯಲ್ಲಿ ಸೊಲ್ಲಾಪುರದಲ್ಲಿ. ಸಮ್ಮೇಳನದ ಮೊದಲ ಮಹಿಳಾ ಅಧ್ಯಕ್ಷೆಯಾಗಿ 1974ರಲ್ಲಿ ಮಂಡ್ಯದ ವೇದಿಕೆಯೇರಿದ ಜಯದೇವಿತಾಯಿ ಲಿಗಾಡೆ ಈ ಊರಿನವರು. 1997ರ ಮಂಗಳೂರು ಸಮ್ಮೇಳನದ ಅಧ್ಯಕ್ಷರಾದ ಕಯ್ಯಾರ ಕಿಞ್ಞಣ್ಣ ರೈಗಳು ನಮ್ಮ ಊರಿನವರು. ಸಂಘದ ಸಭೆಯಲ್ಲಿ ಮೊದಲ ಸಲ ಮಾತನಾಡಲು ನಿಂತಾಗ ಈ ನಾಲ್ಕು ಇಸವಿಗಳೇ ನನ್ನ ಪರಿಚಯಪತ್ರವಾದವು.

ಉಳಿದದ್ದು ಕಾಗದಪತ್ರ. ಗ್ಯಾಸು, ಬ್ಯಾಂಕು, ಆಧಾರದ ವಿಳಾಸ ಎಲ್ಲವೂ ಬದಲಾದವು. ಮತದಾರರ ಪಟ್ಟಿಯ ಹೆಸರನ್ನು ವರ್ಗಾಯಿಸುವ 8ನೆಯ ನಮೂನೆ ಮಾತ್ರ ಮೇಜಿನ ಮೇಲೆ ಒಂದು ವರ್ಷ ಬಿದ್ದಿತ್ತು. ಇಲ್ಲಿ ಹೆಸರು ಸೇರಿದರೆ ಅಲ್ಲಿ ಅಳಿಯುತ್ತದೆ. ಅದಕ್ಕೆ ಆಕೆಯ ಮನಸ್ಸು ಒಪ್ಪಲಿಲ್ಲ, ನಾನೂ ಒತ್ತಾಯಿಸಲಿಲ್ಲ.

ಎದುರುಮನೆಯ ಮಗಳ ಮದುವೆಯ ದಿನ ಅವರು ನನ್ನ ಪತ್ನಿಯನ್ನು ಮಣೆಯ ಮೇಲೆ ಕೂರಿಸಿ ಉಡಿ ತುಂಬಿದರು. ಅಕ್ಕಿ, ಕುಬಸದ ಕಣ, ಉತ್ತತ್ತಿ, ಅರಿಷಿಣದ ಕೊಂಬು, ಅಡಿಕೆ. ಮನೆಗೆ ಬಂದು ಆಕೆ ಆ ಅಡಿಕೆಯನ್ನು ಬೆಳಕಿಗೆ ಹಿಡಿದು, ತಿರುಗಿಸಿ, “ಇದು ಈ ಮಣ್ಣಿನದಲ್ಲ, ನಮ್ಮ ಕಡೆಯದೇ ಇದ್ದೀತು. ಇಲ್ಲಿಯವರು ಇದಿಲ್ಲದೆ ಉಡಿ ತುಂಬುವುದಿಲ್ಲವಂತೆ” ಎಂದಳು. ಎರಡು ದಿನ ಕಳೆದ ಮೇಲೆ ತಾನಾಗಿಯೇ ಆ ನಮೂನೆ ತಂದು ನನ್ನ ಮುಂದಿಟ್ಟು, “ಬರೆಯಿರಿ” ಎಂದಳು. ಮಳೆಗಾಲ ಬಂತೆಂದರೆ ಆಕೆ ಇಂದಿಗೂ ತಮ್ಮನ ಮಗನಿಗೆ ಫೋನು ಮಾಡಿ ಸುರಂಗದ ನೀರೆಷ್ಟಿದೆ ಎಂದು ಕೇಳುತ್ತಾಳೆ. ಅದು ಯಾವ ನಮೂನೆಯಿಂದಲೂ ವರ್ಗವಾಗುವುದಿಲ್ಲ, ಆಗಬೇಕಾಗಿಯೂ ಇಲ್ಲ.

ನಮ್ಮಂತೆ ಮಕ್ಕಳ ಹಿಂದೆ ಊರು ಬಿಟ್ಟು ಬರುವ ಹಿರಿಯರು ಇಂದು ಪ್ರತಿ ಬಡಾವಣೆಯಲ್ಲಿಯೂ ಇದ್ದಾರೆ. ಸಂಘದ ಕುಟುಂಬಗಳಲ್ಲಿ ನನ್ನದೊಂದು ಬಿನ್ನಹ. ಅಂಥವರು ಬಂದ ಮೊದಲ ವಾರದಲ್ಲಿಯೇ ಒಮ್ಮೆ ಅವರ ಬಾಗಿಲಿಗೆ ಹೋಗಿ. ಸನ್ಮಾನ, ಶಾಲು ಆಮೇಲಾಗಲಿ. ನೀರು ಯಾವ ದಿನ ಬರುತ್ತದೆ, ಹಾಲಿನವನು ಯಾರು, ಹೆಪ್ಪು ಯಾರ ಮನೆಯಲ್ಲಿ ಸಿಗುತ್ತದೆ ಎಂಬುದನ್ನು ತಿಳಿಸಿ. ಅವರ ಕನ್ನಡ ನಿಮ್ಮದಕ್ಕಿಂತ ಬೇರೆಯಾಗಿ ಕೇಳಿಸಿದರೆ ತಿದ್ದಬೇಡಿ, ಇನ್ನೊಂದು ಮಾತು ಆಡಿಸಿ. ನೀರು ಬಂದ ನಸುಕಿನಲ್ಲಿ ಹೊಸಬರ ಬಾಗಿಲನ್ನೂ ಒಮ್ಮೆ ಬಡಿಯಿರಿ.