ಕೊನೆಯ ಸಿನಿಮಾ ಅಂಗಡಿ ಇರುವ ಊರು

ಅಮೆರಿಕಕ್ಕೆ ಹೋಗಿ ಬಂದವರನ್ನು ಕಂಡರೆ "ನಯಾಗರ ನೋಡಿದ್ರಾ?" ಎಂದು ಕೇಳುವುದು ನಮ್ಮಲ್ಲಿ ವಾಡಿಕೆ. ಎರಡು ಸಲ ಹೋಗಿ ಬಂದರೂ ನಾನು ನಯಾಗರ ನೋಡಿಲ್ಲ. ಮಗಳಿರುವುದು ಪಶ್ಚಿಮದ ಕ್ಯಾಲಿಫೋರ್ನಿಯದಲ್ಲಿ. ಜಲಪಾತವಿರುವುದು ಆ ದೇಶದ ಇನ್ನೊಂದು ಕೊನೆಯಲ್ಲಿ. ಅದರ ಬದಲು 2024ರಲ್ಲಿ ಕಾರಿನಲ್ಲಿ ಎಂಟುನೂರು ಕಿಲೋಮೀಟರ್ ಹೋಗಿ ನಾನು ನೋಡಿ ಬಂದದ್ದು ಒಂದು ಅಂಗಡಿ. ಸೀರೆಯಂಗಡಿಯಲ್ಲ, ಚಿನ್ನದಂಗಡಿಯೂ ಅಲ್ಲ. ಸಿನಿಮಾ ಬಾಡಿಗೆಗೆ ಕೊಡುವ ಅಂಗಡಿ! ನಗಬೇಡಿ, ಕಾರಣ ಹೇಳುತ್ತೇನೆ.

ಮೊದಲ ಸಲ ಹೋದದ್ದು 2010ರಲ್ಲಿ, ಮಗಳ ಬಾಣಂತನಕ್ಕೆ. ಜೊತೆಯಲ್ಲಿ ನಮ್ಮ ಯಜಮಾನರೂ ಇದ್ದರು. ಫ್ರೀಮಾಂಟ್ ಎಂಬ ಊರು. ಬಾಣಂತಿಗೆ ಎಣ್ಣೆ ನೀರು ಹಾಕಿ, ಮೆಣಸಿನ ಸಾರು ಅನ್ನ ಬಡಿಸಿ, ಮಗುವನ್ನು ಮಲಗಿಸಿದ ಮೇಲೆ ಮಧ್ಯಾಹ್ನವೆಂಬುದು ಎಷ್ಟು ಉದ್ದ ಎಂದು ಹೋದವರಿಗೇ ಗೊತ್ತು. ರಸ್ತೆಯಲ್ಲಿ ಒಂದು ನರಪಿಳ್ಳೆ ಇಲ್ಲ. ಮಾತಾಡಿಸಲು ಪಕ್ಕದ ಮನೆಯವರಿಲ್ಲ, ಹೂವಿನವಳಿಲ್ಲ. ಡ್ರೈವಿಂಗ್ ಬಾರದವರು ಅಲ್ಲಿ ಕೂಡಿಹಾಕಿದ ಹಾಗೇ ಸರಿ. ಆಗ ನಮಗೆ ಸಿನಿಮಾವೇ ಗತಿಯಾಯಿತು.

ಅಲ್ಲಿ ಆಗ ಸಿನಿಮಾ ತರಿಸಿಕೊಳ್ಳಲು ಮೂರು ದಾರಿಗಳಿದ್ದವು. ಅಂಚೆಯಲ್ಲಿ ಬರುವ ಡಿಸ್ಕ್ ಒಂದು, ಅಂಗಡಿ ಬಾಗಿಲಲ್ಲಿ ನಿಂತ ಯಂತ್ರ ಇನ್ನೊಂದು, ಇಂಟರ್‌ನೆಟ್ ಮೂಲಕ ನೇರ ಟಿ.ವಿ.ಗೇ ಬರುವ ಸ್ಟ್ರೀಮಿಂಗ್ ಮೂರನೆಯದು. ಈಗ ನಾವು ಒಟಿಟಿ ಎನ್ನುತ್ತೇವಲ್ಲ, ಅದೇ. ನಮ್ಮ ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ಪಕ್ಷ.

ನಮ್ಮವರದು ಅಂಚೆಯ ಪಕ್ಷ. ಮೂವತ್ತೈದು ವರ್ಷ ಅಂಚೆ ಕಚೇರಿಯಲ್ಲಿ ಸೇವೆ ಮಾಡಿ ನಿವೃತ್ತರಾದವರು. ಪೋಸ್ಟ್‌ಮನ್ ಮನೆಬಾಗಿಲಿಗೆ ಸಿನಿಮಾ ತರುತ್ತಾನೆ ಎಂದರೆ ಕೇಳಬೇಕೇ? ನೆಟ್‌ಫ್ಲಿಕ್ಸ್ ಕಂಪನಿಯವರು ಕೆಂಪು ಲಕೋಟೆಯಲ್ಲಿ ಡಿಸ್ಕ್ ಕಳಿಸುತ್ತಿದ್ದರು. ತಿಂಗಳಿಗೆ 9 ಡಾಲರ್‌ಗೆ ಒಂದಿಷ್ಟು ಕಡಿಮೆ ಚಂದಾ. ಒಂದು ನೋಡಿ ವಾಪಸು ಕಳಿಸಿದರೆ, ನಾವು ಬರೆದಿಟ್ಟ ಪಟ್ಟಿಯಲ್ಲಿರುವ ಮುಂದಿನದು ಹೊರಡುತ್ತಿತ್ತು. ವಾಪಸಿನ ಲಕೋಟೆಗೂ ಅವರೇ ಅಂಚೆ ಕಟ್ಟಿರುತ್ತಿದ್ದರು. ಎಷ್ಟು ದಿನ ಇಟ್ಟುಕೊಂಡರೂ ದಂಡವಿಲ್ಲ. ಅಲ್ಲಿನ ಮನೆಗಳ ಮುಂದೆ ರಸ್ತೆಯಂಚಿನಲ್ಲಿ ಒಂದು ಪೆಟ್ಟಿಗೆ, ಅದಕ್ಕೊಂದು ಪುಟ್ಟ ಕೆಂಪು ಬಾವುಟ. ಬಾವುಟ ಎತ್ತಿ ನಿಲ್ಲಿಸಿದರೆ "ಕಳಿಸುವ ಕಾಗದ ಒಳಗಿದೆ" ಎಂದು ಅರ್ಥ. ಪೋಸ್ಟ್‌ಮನ್ ತಾನೇ ತೆಗೆದುಕೊಂಡು ಹೋಗುತ್ತಾನೆ. ಆ ಬಾವುಟ ಎತ್ತುವ ಕೆಲಸವನ್ನು ಇವರು ಅಳಿಯನಿಗೂ ಬಿಟ್ಟುಕೊಡಲಿಲ್ಲ!

ಒಂದು ದಿನ ಅಡುಗೆಮನೆಯ ತಕ್ಕಡಿಯಲ್ಲಿ ಲಕೋಟೆ ತೂಗಿ, "ನೋಡೇ, ಒಂದು ಔನ್ಸೂ ಇಲ್ಲ. ಮಾಮೂಲಿ ಕಾಗದದ ತೂಕ. ಅದಕ್ಕೇ ಇವರಿಗೆ ಗಿಟ್ಟುತ್ತೆ" ಎಂದರು. ಒಂದು ಔನ್ಸ್ ಎಂದರೆ 28 ಗ್ರಾಂ. ಆ ತೂಕದ ಕಾಗದಕ್ಕೆ ಆಗ ಅಲ್ಲಿ 44 ಸೆಂಟಿನ ಅಂಚೆಚೀಟಿ. ಅವರ ಮಾತು ನಿಜವೇ. ದಪ್ಪ ವಿಡಿಯೋ ಕ್ಯಾಸೆಟ್ಟಿನ ಕಾಲದಲ್ಲಿ ಈ ವ್ಯಾಪಾರ ನಡೆಯುವಂತಿರಲಿಲ್ಲ. ತೆಳ್ಳಗಿನ ಡಿಸ್ಕ್ ಬಂದ ಮೇಲೆ ಆ ಕಂಪನಿ ಕಟ್ಟಿದವರು ಮೊದಲು ಒಂದು ಸಿ.ಡಿ.ಯನ್ನು ಲಕೋಟೆಯಲ್ಲಿ ಹಾಕಿ ತಮ್ಮ ಮನೆ ವಿಳಾಸಕ್ಕೇ ಅಂಚೆ ಮಾಡಿದರಂತೆ. ಮುರಿಯದೆ ಬಂದು ತಲುಪಿತು. 1998ರಲ್ಲಿ ವ್ಯಾಪಾರ ಶುರುವಾಯಿತು.

ನನ್ನದು ಯಂತ್ರದ ಪಕ್ಷ. ಕಿರಾಣಿ ಅಂಗಡಿಯ ಬಾಗಿಲಲ್ಲೇ ಬೀರುವಿನಷ್ಟು ಎತ್ತರದ ಕೆಂಪು ಪೆಟ್ಟಿಗೆ, ರೆಡ್‌ಬಾಕ್ಸ್ ಎಂದು ಹೆಸರು. ಪರದೆಯ ಮೇಲೆ ಬೆರಳೊತ್ತಿ ಚಿತ್ರ ಆರಿಸಿ, ಕಾರ್ಡು ಉಜ್ಜಿದರೆ ಡಿಸ್ಕ್ ಹೊರಗೆ ಬರುತ್ತಿತ್ತು. ರಾತ್ರಿಗೆ ಒಂದು ಡಾಲರ್, ಮೇಲೆ ತೆರಿಗೆ. ಮಾರನೆಯ ದಿನ ರಾತ್ರಿ ಒಂಬತ್ತರೊಳಗೆ ಯಾವ ಊರಿನ ಪೆಟ್ಟಿಗೆಗೆ ಬೇಕಾದರೂ ಹಾಕಬಹುದಿತ್ತು. ಚಿತ್ರಕ್ಕಿಂತ ನನಗೆ ಮುಖ್ಯವಾದದ್ದು ನಡಿಗೆ. ತರಲು ಒಂದು ಸಲ, ಕೊಡಲು ಒಂದು ಸಲ. ಆ ನೆಪದಲ್ಲಿ ನಾಲ್ಕು ಮುಖ ನೋಡುತ್ತಿದ್ದೆ. ಆದರೆ ಒಮ್ಮೆ ಡಿಸ್ಕನ್ನು ಮಗುವಿನ ಬಟ್ಟೆ ಚೀಲಕ್ಕೆ ಹಾಕಿ ಮರೆತೇಬಿಟ್ಟೆ. ಹನ್ನೊಂದು ರಾತ್ರಿಗೆ ಹನ್ನೊಂದು ಡಾಲರ್. ಆಗಿನ ಲೆಕ್ಕದಲ್ಲಿ ಐನೂರು ರೂಪಾಯಿ! ತಪ್ಪು ನನ್ನದೇ, ಯಾರನ್ನು ಬೈಯಲಿ?

ಮಗಳು, ಅಳಿಯ ಸ್ಟ್ರೀಮಿಂಗ್ ಕಡೆ. "ಅಮ್ಮ, ಇನ್ನು ಸ್ವಲ್ಪ ವರ್ಷಕ್ಕೆ ಇದೊಂದೇ ಉಳಿಯೋದು, ನೋಡ್ತಿರು" ಎಂದಳು ಮಗಳು. ಆಗ ಅದರಲ್ಲಿ ಸಿಗುತ್ತಿದ್ದ ಚಿತ್ರಗಳು ಕಡಿಮೆ, ನಡುನಡುವೆ ನಿಂತು ಚಕ್ರ ಸುತ್ತುವುದು ಹೆಚ್ಚು. ನಾವು ನಕ್ಕೆವು.

ಆ ಸಲ ಕೆಂಪು ಲಕೋಟೆಯಲ್ಲಿ ಬಂದದ್ದರಲ್ಲಿ "ರೋಮನ್ ಹಾಲಿಡೇ" ಒಂದು. ಇವರು ಕಾಲೇಜಿನಲ್ಲಿದ್ದಾಗ ಬೆಂಗಳೂರಿನಲ್ಲಿ ನೋಡಿ ಮನಸ್ಸಿನಲ್ಲೇ ಇಟ್ಟುಕೊಂಡಿದ್ದ ಚಿತ್ರ. ಒಂಬತ್ತು ದಿನ ವಾಪಸು ಕಳಿಸಲಿಲ್ಲ, ಮೂರು ಸಲ ನೋಡಿದರು. ದಂಡವಿಲ್ಲವಲ್ಲ!

2019ರಲ್ಲಿ ಅವರು ತೀರಿಕೊಂಡರು. 2024ರಲ್ಲಿ ಮಗಳು ಬಲವಂತ ಮಾಡಿದ್ದರಿಂದ ಒಬ್ಬಳೇ ಹೋದೆ. ಅಷ್ಟರಲ್ಲಿ ಎರಡು ದಾರಿ ಮುಚ್ಚಿದ್ದವು. ಇಪ್ಪತ್ತೈದು ವರ್ಷಗಳಲ್ಲಿ 500 ಕೋಟಿಗೂ ಹೆಚ್ಚು ಡಿಸ್ಕ್ ಕಳಿಸಿದ ಅಂಚೆ ಸೇವೆಯನ್ನು 2023ರ ಸೆಪ್ಟೆಂಬರ್ 29ಕ್ಕೆ ನಿಲ್ಲಿಸಿದರು. ಕೊನೆಗೆ ಕೈಯಲ್ಲಿ ಉಳಿದ ಡಿಸ್ಕನ್ನು ಚಂದಾದಾರರೇ ಇಟ್ಟುಕೊಳ್ಳಬಹುದೆಂದರಂತೆ. ರೆಡ್‌ಬಾಕ್ಸ್ ಒಡೆತನದ ಕಂಪನಿ 2024ರ ಜೂನ್‌ನಲ್ಲಿ ದಿವಾಳಿ ಅರ್ಜಿ ಹಾಕಿ, ಜುಲೈನಲ್ಲಿ ಪೂರ್ತಿ ಮುಚ್ಚಿತು. ನಾನು ನಡೆದು ಹೋಗುತ್ತಿದ್ದ ಅಂಗಡಿಯ ಮುಂದೆ ಪೆಟ್ಟಿಗೆ ಇನ್ನೂ ಇತ್ತು. ಪರದೆ ಕಪ್ಪಾಗಿತ್ತು, ಪಕ್ಕದಲ್ಲಿ ಯಾರೋ ತಳ್ಳುಗಾಡಿ ಒರಗಿಸಿ ಹೋಗಿದ್ದರು.

ಮಗಳ ಮಾತೇ ನಿಜವಾಗಿತ್ತು. ಆದರೆ ಒಂದು ಸಂಜೆ "ರೋಮನ್ ಹಾಲಿಡೇ" ಹಾಕು ಎಂದೆ. ಮನೆಯಲ್ಲಿ ನಾಲ್ಕು ಕಂಪನಿಗಳ ಚಂದಾ ಇತ್ತು, ನಾಲ್ಕರಲ್ಲೂ ಚಿತ್ರವಿಲ್ಲ! "ಹಿಂದೆ ಇತ್ತಮ್ಮ, ತೆಗೆದುಹಾಕಿದ್ದಾರೆ" ಎಂದಳು. ಕಂಪನಿಗಳು ಚಿತ್ರಗಳ ಹಕ್ಕನ್ನು ಇಷ್ಟು ಕಾಲಕ್ಕೆಂದು ಗುತ್ತಿಗೆ ಹಿಡಿದಿರುತ್ತವೆ. ಅವಧಿ ಮುಗಿದರೆ ಚಿತ್ರ ಮಾಯ. ಬೇರೆ ಕಡೆ ನಾಲ್ಕು ಡಾಲರ್ ಕೊಟ್ಟರೆ ನೋಡಬಹುದಿತ್ತು. ತಿಂಗಳು ತಿಂಗಳೂ ಅಷ್ಟೊಂದು ಕಟ್ಟಿಯೂ ಮತ್ತೆ ಕೊಡುವುದೇ ಎಂದು ನಾನೇ ಬೇಡವೆಂದೆ. ಬೇಡವೆಂದೆನೇ ಹೊರತು ಮನಸ್ಸಿಗೆ ಸಮಾಧಾನವಾಗಲಿಲ್ಲ. ಅದನ್ನು ನೋಡಿಯೇ ಅಳಿಯ, "ಅತ್ತೆ, ಡಿಸ್ಕ್ ಅಂಗಡಿ ಇನ್ನೊಂದು ಉಳಿದಿದೆ. ಮೂರು ದಿನ ರಜ ಬರುತ್ತೆ, ಹೋಗೋಣ" ಎಂದರು.

ಸೆಪ್ಟೆಂಬರ್ ಮೊದಲ ಸೋಮವಾರ ಅಲ್ಲಿ ಕಾರ್ಮಿಕರ ದಿನದ ರಜ. ಚಿತ್ರಾನ್ನ, ಮೊಸರನ್ನ, ಕೋಡುಬಳೆ ಕಟ್ಟಿಕೊಂಡು ಬೆಳಗಿನ ಜಾವ ಹೊರಟೆವು. ಉತ್ತರಕ್ಕೆ ಹೋದಂತೆ ಶಾಸ್ತಾ ಪರ್ವತ ಗಂಟೆಗಟ್ಟಲೆ ಬಿಡದೆ ಜೊತೆಗೆ ಬರುತ್ತದೆ. ಅದು ದಾಟಿದ ಮೇಲೆ ಆರಿಗನ್ ರಾಜ್ಯ, ಎತ್ತರದ ಪೈನ್ ಮರಗಳು, ಅವೂ ಕಡಿಮೆಯಾಗಿ ಬೂದುಬಣ್ಣದ ಕುರುಚಲು, ಕಪ್ಪು ಲಾವಾ ಕಲ್ಲು. ಸಂಜೆಗೆ ಬೆಂಡ್ ಊರು. ಡೆಶೂಟ್ಸ್ ನದಿ ಬಳುಕಿ ತಿರುಗುವ ಜಾಗವಾದ್ದರಿಂದ ಆ ಹೆಸರು. ಸುಮಾರು ಲಕ್ಷ ಜನ. ಒಂದು ಕಾಲಕ್ಕೆ ಮರ ಕೊಯ್ಯುವ ಮಿಲ್ಲಿನ ಊರು. ಮಿಲ್ಲು ನಿಂತು, ಅದರ ಮೂರು ಹೊಗೆ ಕೊಳವೆಗಳ ಕೆಳಗೆ ಈಗ ಬಟ್ಟೆಬರೆಯ ಅಂಗಡಿಗಳು. ಪಶ್ಚಿಮಕ್ಕೆ ನೋಡಿದರೆ "ಮೂವರು ಸೋದರಿಯರು" ಎಂಬ ಹೆಸರಿನ ಮೂರು ಶಿಖರಗಳು. ಊರು ಬಹಳ ಹಿಡಿಸಿತು.

ಮಾರನೆಯ ದಿನ ಬ್ಲಾಕ್‌ಬಸ್ಟರ್ ಅಂಗಡಿ. ನೀಲಿ ಹಳದಿ ಬಣ್ಣ, ಒಳಗೆ ಸಾಲು ಸಾಲು ಕಪಾಟು. 2004ರ ಹೊತ್ತಿಗೆ ಈ ಹೆಸರಿನ ಅಂಗಡಿಗಳು ಒಂಬತ್ತು ಸಾವಿರದಷ್ಟಿದ್ದವು. 2000ದಲ್ಲಿ ನೆಟ್‌ಫ್ಲಿಕ್ಸಿನವರು 5 ಕೋಟಿ ಡಾಲರ್‌ಗೆ ತಮ್ಮನ್ನು ಕೊಂಡುಕೊಳ್ಳಿ ಎಂದಾಗ ಬೇಡವೆಂದರು. 2010ರಲ್ಲಿ ತಾವೇ ದಿವಾಳಿಯಾದರು. 2019ರಲ್ಲಿ ಆಸ್ಟ್ರೇಲಿಯದ ಅಂಗಡಿ ಮುಚ್ಚಿದ ಮೇಲೆ ಪ್ರಪಂಚಕ್ಕೆಲ್ಲ ಇದೊಂದೇ. ಹೊಸ ಚಿತ್ರ ಬಂದಾಗ ಮ್ಯಾನೇಜರ್ ಹೆಂಗಸು ತಾವೇ ದೊಡ್ಡ ಅಂಗಡಿಗಳಿಗೆ ಹೋಗಿ ಡಿಸ್ಕ್ ಕೊಂಡು ತರುತ್ತಾರಂತೆ, ನಾವು ಸಂತೆಗೆ ಹೋದ ಹಾಗೆ! ನೋಡಲು ಬರುವವರು ಕೊಳ್ಳುವ ಟೋಪಿ, ಬನಿಯನ್ನುಗಳೂ ಅಂಗಡಿಗೆ ಆಸರೆ. ನಾವೂ ಒಂದು ಟೋಪಿ ಕೊಂಡೆವು.

ಕಪಾಟಿನ ಮುಂದೆ ನಿಂತಾಗ ನನಗೆ ನಮ್ಮ ಅರಸೀಕೆರೆಯ ನೆನಪು. 1985ರ ಸುಮಾರಿನಲ್ಲಿ ವಿ.ಸಿ.ಆರ್., ಟಿ.ವಿ. ಎರಡನ್ನೂ ರಾತ್ರಿಯ ಬಾಡಿಗೆಗೆ ತಂದು, ಬೀದಿಯವರೆಲ್ಲ ಚಾಪೆ ಹಾಸಿಕೊಂಡು ಬೆಳಗಿನವರೆಗೆ ಮೂರು ಚಿತ್ರ ನೋಡುತ್ತಿದ್ದೆವಲ್ಲ! ನಿಮ್ಮಲ್ಲೂ ಎಷ್ಟೋ ಜನ ನೋಡಿರುತ್ತೀರಿ.

ಹದಿನಾಲ್ಕು ವರ್ಷದ ಮೊಮ್ಮಗಳೇ ಹುಡುಕಿದಳು. "ಅಜ್ಜೀ, ಸಿಕ್ತು!" ಎಂದು ಕೂಗಿದಳು. ಡಿಸ್ಕ್ ಕೈಯಲ್ಲಿ ಹಿಡಿದು ಕೌಂಟರಿನ ಹತ್ತಿರ ಹೋದಾಗ ಮಗಳಿಗೆ ಹೊಳೆಯಿತು. ಇದನ್ನು ಹಾಕುವುದು ಯಾವುದರಲ್ಲಿ? ಹೋಟೆಲಿನ ಕೋಣೆಯಲ್ಲಿ ಪ್ಲೇಯರ್ ಇಲ್ಲ, ಕಾರಿನಲ್ಲೂ ಇಲ್ಲ. ಮಾರನೆಯ ದಿನ ನಾವು ಹೊರಡುವವರು, ಕೊಂಡೊಯ್ದರೆ ತಂದುಕೊಡುವವರು ಯಾರು? ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ತೆಗೆದ ಜಾಗದಲ್ಲೇ ಇಟ್ಟು ಬಂದೆ.

ನೀವು ಬಾಣಂತನಕ್ಕೋ ಮೊಮ್ಮಕ್ಕಳನ್ನು ನೋಡಲೋ ಆ ದೇಶಕ್ಕೆ ಹೋಗುವವರಿದ್ದರೆ ಮೊದಲೇ ಹೇಳಿಬಿಡುತ್ತೇನೆ. ಇಲ್ಲಿ ಒಟಿಟಿಯಲ್ಲಿ ನೋಡುವ ಕನ್ನಡ ಚಿತ್ರ ಅದೇ ಖಾತೆಯಲ್ಲಿ ಅಲ್ಲಿ ಸಿಗುತ್ತದೆಂದು ನಂಬಬೇಡಿ. ಒಂದೊಂದು ದೇಶಕ್ಕೆ ಒಂದೊಂದು ಪಟ್ಟಿ. ಮಕ್ಕಳು ನಾಲ್ಕೈದು ಚಂದಾ ಕಟ್ಟುತ್ತಿದ್ದರೆ, ಒಂದು ತಿಂಗಳಿಗೆ ಒಂದೇ ಸಾಕು, ಅದು ಮುಗಿದರೆ ಇನ್ನೊಂದು ಎಂದು ಹೇಳಿ ನೋಡಿ. ನನ್ನ ಮಾತು ಕೇಳಿ ಮಗಳು ಎರಡನ್ನು ನಿಲ್ಲಿಸಿದಳು. ಎಲ್ಲಕ್ಕಿಂತ ಮೊದಲು ಊರಿನ ಸಾರ್ವಜನಿಕ ಗ್ರಂಥಾಲಯಕ್ಕೆ ಹೋಗಿ. ಪುಸ್ತಕದ ಹಾಗೆಯೇ ಸಿನಿಮಾ ಡಿಸ್ಕನ್ನೂ ಕಾಸಿಲ್ಲದೆ ಎರವಲು ಕೊಡುತ್ತಾರೆ. ಇದು ಅಲ್ಲಿ ಹೊಸದೇನಲ್ಲ. ಮೂರು ದಾರಿಗಳ ಜಗಳದಲ್ಲಿ ನಾವೇ ನೋಡಿರಲಿಲ್ಲ.

ಫ್ರೀಮಾಂಟ್ ಗ್ರಂಥಾಲಯಕ್ಕೆ ಮೊಮ್ಮಗಳೇ ನನ್ನನ್ನು ಕರೆದುಕೊಂಡು ಹೋದಳು. "ರೋಮನ್ ಹಾಲಿಡೇ" ಅವಳ ಕಾರ್ಡಿನ ಮೇಲೆ ಸಿಕ್ಕಿತು. ಅಟ್ಟದ ಪೆಟ್ಟಿಗೆಯಲ್ಲಿದ್ದ ಹಳೆಯ ಲ್ಯಾಪ್‌ಟಾಪ್ ಧೂಳು ಒರೆಸಿ ಊಟದ ಮೇಜಿನ ಮೇಲಿಟ್ಟೆವು. ಚಿತ್ರ ಮುಗಿಯುವಾಗ ಮೊಮ್ಮಗಳು, "ತಾತ ಮೂರು ಸಲ ನೋಡಿದ್ರಾ? ನಿಜವಾಗ್ಲೂ?" ಎಂದಳು. ನಾನು ಹೌದೆಂದೆ. "ಹಾಗಾದ್ರೆ ಶನಿವಾರ ಇನ್ನೊಂದು ಸಲ ಹಾಕೋಣ ಅಜ್ಜಿ, ವಾಪಸ್ ಕೊಡೋಕೆ ಇನ್ನೂ ಟೈಮ್ ಇದೆ" ಎಂದಳು.