ಹುಣಸೆ ಬೀಜದ ರಮ್ಮಿ

20 ಹುಣಸೆ ಬೀಜ ಕೈಬಿಟ್ಟು ಹೋದರೆ ಯಾರ ಎದೆಯೂ ಧಸಕ್ಕೆನ್ನುವುದಿಲ್ಲ. ನಮ್ಮ ಬಳಗದವರ ಜೊತೆ ರಮ್ಮಿಗೆ ಕೂರುವವರು ಇದನ್ನು ಮೊದಲು ತಿಳಿದಿರಬೇಕು. ಉಳಿದದ್ದೆಲ್ಲ ಇದರಿಂದಲೇ ಹುಟ್ಟುತ್ತದೆ.

ನಾರಾಯಣಪೇಟ, ಮಕ್ತಲ್, ಗದ್ವಾಲ, ಮೂರೂ ಕಡೆ ನಮ್ಮವರಿದ್ದಾರೆ. ಗದ್ವಾಲ ತಾಲ್ಲೂಕು ಹಿಂದೆ ರಾಯಚೂರು ಜಿಲ್ಲೆಯಲ್ಲೇ ಇತ್ತು. 1956ರಲ್ಲಿ ರಾಜ್ಯಗಳ ಗೆರೆ ಎಳೆದಾಗ ರಾಯಚೂರು ಮೈಸೂರಿಗೆ ಬಂತು, ಗದ್ವಾಲ ಆಂಧ್ರಕ್ಕೆ ಹೋಯಿತು. ಗೆರೆ ಬಿದ್ದರೂ ಕೊಡುವುದು ತರುವುದು ನಿಲ್ಲಲಿಲ್ಲ. ಪೇಟೆಯಲ್ಲಿ ತೆಲುಗು, ಒಳಗೆ ಕನ್ನಡ. ದಸರಾಕ್ಕೋ ಮದುವೆಗೋ ಎಲ್ಲರೂ ಕೂಡಿದರೆ, ರೊಟ್ಟಿ ಊಟ ಮುಗಿಸಿ ಜಮಖಾನ ಹಾಸಿ ಎರಡು ಕಟ್ಟು ಎಲೆ ಕಲೆಸುವುದು ನಮ್ಮಲ್ಲಿ ಬಹಳ ಹಿಂದಿನ ರೂಢಿ.

ರೊಕ್ಕ ಇಟ್ಟು ಆಡುವ ಮಾತಿಲ್ಲ. ಸಿಕಂದರಾಬಾದಿನ ಒಂದು ಕ್ಲಬ್ಬಿನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1967ರಲ್ಲಿ ರಮ್ಮಿಯನ್ನು ಜಾಣ್ಮೆಯ ಆಟವೆಂದು ಒಪ್ಪಿತು. ಬಿದ್ದ ಎಲೆಗಳನ್ನು ನೆನಪಿಡಬೇಕು, ಯಾವುದನ್ನು ಹಿಡಿಯಬೇಕು ಯಾವುದನ್ನು ಬಿಡಬೇಕು ಎಂದು ತೂಗಬೇಕು, ಆದ್ದರಿಂದ ಇದು ಬರೀ ಅದೃಷ್ಟದ ಮೂರೆಲೆಯಂಥದ್ದಲ್ಲ ಎಂಬುದು ಅದರ ವಾದ. ಆದರೂ ಈಗ ನಮ್ಮ ಈ ಊರುಗಳಿರುವ ತೆಲಂಗಾಣ 2017ರಲ್ಲಿ ಕಾನೂನು ತಿದ್ದಿ ಪಣದ ರಮ್ಮಿಗೆ ಬಾಗಿಲು ಹಾಕಿತು. ಎಷ್ಟೋ ಮನೆ ಮುಳುಗಿಸಿದ ಚಟ ಅದು; ಬಾಗಿಲು ಹಾಕಿದ್ದೇ ಸರಿ. ನನಗೆ ಬೇಕಾದದ್ದು ಜಾಣ್ಮೆಯ ಭಾಗ ಮಾತ್ರ. ಅದಕ್ಕೆ ಹುಣಸೆ ಬೀಜ ಧಾರಾಳ ಸಾಕು.

ನಮ್ಮ ಲೆಕ್ಕ ಹೀಗೆ: 13 ಎಲೆ. ಮೊದಲ ಎಲೆ ಎತ್ತುವ ಮುಂಚೆಯೇ ಆಟ ಬಿಟ್ಟರೆ, ಅಂದರೆ ಡ್ರಾಪ್ ಆದರೆ, 20 ಬೀಜ, ಆಮೇಲೆ ಆದರೆ 40. ಕೊನೆಯವರೆಗೂ ಕೂತು ಸಿಕ್ಕಿಬಿದ್ದರೆ ಹೆಚ್ಚೆಂದರೆ 80. ಎಕ್ಕ, ರಾಜ, ರಾಣಿ, ಗುಲಾಮ ತಲಾ 10. ಒಂದೇ ಬಣ್ಣದ ಸಾಲು ಎಲೆಗಳ, ಜೋಕರ್ ಇಲ್ಲದ ಒರಿಜಿನಲ್ ಸೀಕ್ವೆನ್ಸ್ ಒಂದಾದರೂ ಕೂಡದಿದ್ದರೆ ಕೈಯಲ್ಲಿರುವ ಎಲೆಗಳೆಲ್ಲ ಲೆಕ್ಕಕ್ಕೆ ಬರುತ್ತವೆ. ಗೆದ್ದವರಿಗೆ ಎಲ್ಲರ ಬೀಜ.

ಪಳಗಿದ ಆಟಗಾರರಿಗೆ ಒಂದು ಹಂಚಿಕೆ ಗೊತ್ತಿರುತ್ತದೆ. ನನಗೆ ಆಟೀನ್ 8 ಬೇಕು ಅನ್ನಿ. ಇಸ್ಪೀಟ್ 8 ಇದ್ದರೆ ಅದನ್ನು ಬೇಕೆಂದೇ ಕೆಳಗೆ ಹಾಕುತ್ತೇನೆ. ಎದುರಿನವರು ಅದನ್ನು ನೋಡಿ, ಇವರಿಗೆ 8 ಬೇಡವಾಗಿದೆ ಎಂದುಕೊಂಡು ತಮ್ಮ ಆಟೀನ್ 8 ಬಿಡುತ್ತಾರೆ. ಗಾಳಕ್ಕೆ ಎರೆ ಕಟ್ಟಿದಂತೆ. ಸೊಗಸಾದ ಕೆಲಸ, ನಿಜ. ಆದರೆ ಮೀನು ಎರೆಯ ಕಡೆ ನೋಡಿದರೆ ತಾನೇ? ನಾರಾಯಣಪೇಟದ ನನ್ನ ಸೋದರಮಾವ ಬೇರೆಯವರು ಬಿಟ್ಟ ಎಲೆಯ ಮೇಲೆ ಕಣ್ಣನ್ನೇ ಇಡುವುದಿಲ್ಲ. ಅವರ ಲಕ್ಷ್ಯವೆಲ್ಲ ತಮ್ಮ ಕೈಯೊಳಗೆ. ಕೂಡದ ಎಲೆ ಹೊರಗೆ, ಕೂಡುವ ಎಲೆ ಒಳಗೆ, ಅಷ್ಟೇ. ಅವರ ಮುಂದೆ ಎರೆ ಕಟ್ಟಿದರೆ ಒಂದು ಒಳ್ಳೆಯ ಎಲೆ ದಂಡ.

ಹಾಗಾಗಿ ಅವರೆದುರು ಎಲ್ಲ ಹೂಟವನ್ನೂ ಕಳಚಿಟ್ಟು ನೇರವಾಗಿ ಆಡುತ್ತೇನೆ. ಆಟೀನ್ 5, 6 ಇದ್ದರೆ 4 ಅಥವಾ 7 ಬಂದರೂ ನಡೆಯುತ್ತದೆ. ಎರಡು ಕಟ್ಟಿನಲ್ಲಿ ಅಂಥವು ನಾಲ್ಕು ಎಲೆ. 5, 7 ಇದ್ದರೆ ನಡುವಿನ 6 ಮಾತ್ರ, ಇರುವುದೇ ಎರಡು. ಇಸ್ಪೀಟ್, ಆಟೀನ್ ಎರಡು 9 ಜೋಡಿಯಾಗಿದ್ದರೆ ಅದಕ್ಕೂ ನಾಲ್ಕು ಎಲೆ ಒದಗುತ್ತವೆ, ಆದರೆ ಅದರಿಂದ ಆಗುವುದು ಸೆಟ್, ಒರಿಜಿನಲ್ ಅಲ್ಲ. ಇಷ್ಟು ಲೆಕ್ಕವನ್ನು ಕಟ್ಟುನಿಟ್ಟಾಗಿ ಪಾಲಿಸಿದರೆ ಸಾಕು, ನಮ್ಮ ಜಮಖಾನದ ಮೇಲೆ ಬೇರೆ ಚಮತ್ಕಾರ ಬೇಕಾಗುವುದಿಲ್ಲ.

ಕೈ ಕೆಟ್ಟದಾಗಿದ್ದರೆ 20 ಕೊಟ್ಟು ಏಳುತ್ತೇನೆ. ಮಾವ ನಗುತ್ತಾರೆ: "ಏನಪಾ ಅಳಿಯಾ, ಹುಣಸಿ ಬೀಜಕ್ಕೂ ಹೆದರ್ತಿ ಏನು?" ಅವರೆಂದೂ ಡ್ರಾಪ್ ಆಗುವವರಲ್ಲ. ಬಳಗದಲ್ಲಿ ಯಾರೂ ಆಗುವುದಿಲ್ಲ. ಆರು ಜನ ಕೂತಾಗ ಐವರೂ ಹೆದರಿ ಎದ್ದರೆ ನನ್ನ ಒಳ್ಳೆಯ ಕೈಗೆ ಸಿಗುವುದು ಬರೀ 100 ಬೀಜ. ಯಾರೂ ಏಳದಿದ್ದರೆ ಅದು 400ರವರೆಗೂ ಏರಬಹುದು. ಅಂದಮೇಲೆ ಕೆಟ್ಟ ಕೈಗಳಲ್ಲಿ ಸಣ್ಣದಾಗಿ ಕೊಡುತ್ತ ತಾಳ್ಮೆಯಿಂದ ಕಾಯುವುದು, ಒಳ್ಳೆಯದು ಬಂದಾಗ ಎಲ್ಲರೂ ಕೂತಿರುವಾಗಲೇ ಬಾಚಿಕೊಳ್ಳುವುದು. ಈ ಕಾಯುವಿಕೆಯಲ್ಲೇ ನನಗೆ ಹೆಚ್ಚಿನ ರುಚಿ. ಡ್ರಾಪ್ ಆದ ಆಟದಲ್ಲಿ ಮಾಡಲು ಕೆಲಸವಿರುವುದಿಲ್ಲ. ಆಗ ಎಲೆ ಬಿಟ್ಟು ಮುಖಗಳನ್ನು ನೋಡುತ್ತ ಕೂರಬಹುದು.

ಮಕ್ತಲ್ಲಿನ ಕಾಕಾ ಇನ್ನೊಂದು ಬಗೆ. ತೆರೆದ ಎಲೆ ಸ್ವಲ್ಪ ಉಪಯೋಗಕ್ಕೆ ಬರುವಂತಿದ್ದರೂ ಥಟ್ಟನೆ ಎತ್ತಿಕೊಳ್ಳುತ್ತಾರೆ. ಚತುರರು ಎತ್ತಿದ ಎಲೆಯನ್ನು ನಾನು ಅರ್ಧ ಮಾತ್ರ ನಂಬುತ್ತೇನೆ, ನಮ್ಮನ್ನು ದಾರಿ ತಪ್ಪಿಸಲೂ ಎತ್ತಿರಬಹುದು. ಕಾಕಾನ ಎಲೆಯಲ್ಲಿ ಸುಳ್ಳಿಲ್ಲ. ಕಳಾವರ್ 7 ಎತ್ತಿದರೆ ಕಳಾವರ್ 5, 6, 8, 9 ಮತ್ತು ಬೇರೆ ಬಣ್ಣದ 7, ಇವೆಲ್ಲ ನನ್ನ ಕೈ ಬಿಟ್ಟು ಕದಲಬಾರದು. ಅದೇ ಸರದಿಯಲ್ಲಿ ಕಳಾವರ್ 8 ಕೆಳಗೆ ಹಾಕಿದರೋ, ಅವರದು 5-6-7 ಇಲ್ಲವೇ 7ರ ಸೆಟ್; ಕೆಳಗಿನ ಎರಡು ಎಲೆ, ಉಳಿದ 7ಗಳು, ಇಷ್ಟನ್ನು ಅದುಮಿಟ್ಟುಕೊಂಡರೆ ಮುಗಿಯಿತು. ಒಬ್ಬರ ಕೈಯನ್ನು ನೋಡದೆಯೇ ಓದುವ ಆ ಗಳಿಗೆ ನನಗೆ ಗೆದ್ದದ್ದಕ್ಕಿಂತ ಹಿತ.

ಗದ್ವಾಲದ ಅತ್ತೆಗೆ ರಾಜ-ರಾಣಿಯರೆಂದರೆ ಪ್ರಾಣ. ಕೃಷ್ಣೆ ದಾಟಿ ಅವರ ಮನೆಗೆ ಹೋದಾಗಲೆಲ್ಲ ನಾನು ಮೊದಲು ನೋಡುವುದು ಜಾಗವನ್ನು: ಅವರ ಸರದಿಯ ಮುಂದಿನದೇ ನನ್ನದಾಗಬೇಕು. ದೊಡ್ಡ ಎಲೆಗಳನ್ನು ಅವಚಿಕೊಂಡು 3, 4, 5ಗಳನ್ನು ಅವರು ಒಂದರ ಹಿಂದೊಂದು ಬಿಡುತ್ತಾರೆ. ಅಲ್ಲಿ ನಾನು ರಾಜನಿಗೆ ಕಾಯುವುದೇ ಇಲ್ಲ. ಸಣ್ಣ ಎಲೆಗಳಲ್ಲೇ ಆಟ ಕಟ್ಟುತ್ತೇನೆ. ಸೋತರೂ ಲೆಕ್ಕ ಕಡಿಮೆ.

ಹೆದರದವರೆದುರು ನೇರವಾಗಿ ಆಡಬೇಕೆಂಬ ತಿಳಿವಳಿಕೆ ಪೋಕರ್ ಆಡುವವರಲ್ಲೂ ಇದೆ. ಸಣ್ಣ ಪಣದ ಮೇಜಿನಲ್ಲಿ ಕೆಟ್ಟ ಕೈಯಿಂದ ಹೆದರಿಸುವ ಬ್ಲಫ್ ಬೇಡ, ಒಳ್ಳೆಯ ಎಲೆಗೆ ಪೂರಾ ಬೆಲೆ ವಸೂಲು ಮಾಡಿ ಎನ್ನುತ್ತಾರೆ. ಬ್ಲಫ್‌ಗೂ ಗಣಿತದಲ್ಲಿ ಜಾಗವಿದೆ ಎಂದು ಜಾನ್ ವಾನ್ ನ್ಯೂಮನ್ ಮತ್ತು ಆಸ್ಕರ್ ಮಾರ್ಗೆನ್‌ಸ್ಟರ್ನ್ 1944ರ ತಮ್ಮ ಪುಸ್ತಕದಲ್ಲಿ ತೋರಿಸಿದರು. 2015ರಲ್ಲಿ ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದವರು ಇಬ್ಬರಾಡುವ ಒಂದು ಬಗೆಯ ಪೋಕರನ್ನು ಕಂಪ್ಯೂಟರಿನಿಂದ ಹೆಚ್ಚುಕಡಿಮೆ ಪೂರ್ತಿ ಬಿಡಿಸಿದರು. ಎಂಥ ಎದುರಾಳಿಯ ಮುಂದೆಯೂ ಕಾಲಕ್ರಮದಲ್ಲಿ ಸೋಲದ ಆಟ ಅದು. ಅಂಥದ್ದರ ಬಗ್ಗೆ ನನಗೆ ಗೌರವವಿದೆ, ಪ್ರೀತಿ ಇಲ್ಲ. ಎದುರು ಕೂತವರು ಮಾವನೋ ಅತ್ತೆಯೋ ಎಂದು ಅದು ಕೇಳುವುದಿಲ್ಲ; ಎಲ್ಲರೆದುರೂ ಒಂದೇ ಕವಚ ತೊಟ್ಟು ಕೂರುತ್ತದೆ. ಆದ್ದರಿಂದ ಒಬ್ಬೊಬ್ಬರ ರೂಢಿಯಿಂದ ಸಿಗಬಹುದಾದಷ್ಟನ್ನೂ ಅದು ತೆಗೆಯಲಾರದು. ಬ್ಲಫ್ ದುಡಿಯುವುದು ಎದುರಿನವರ ಅಂಜಿಕೆಯ ಮೇಲೆ. ಕಳೆದುಕೊಳ್ಳುವುದು ಹುಣಸೆ ಬೀಜವಾದಾಗ ಅಂಜಿಕೆ ಎಲ್ಲಿಂದ ಬರಬೇಕು?

ಹೀಗೆ ಒಬ್ಬೊಬ್ಬರಿಗೆ ತಕ್ಕಂತೆ ಆಡಿದರೂ, ಹಿರಿಯರೆಂದೋ ಎಳೆಯರೆಂದೋ ಬೇಕಂತಲೇ ಸೋತುಕೊಡುವುದು ಮಾತ್ರ ನನಗೆ ಒಗ್ಗದು. ನಮ್ಮವರಿಗೂ ಅದು ಬೇಕಿಲ್ಲ, ತಿಳಿದರೆ ಮನಸ್ಸಿಗೆ ಹಚ್ಚಿಕೊಳ್ಳುತ್ತಾರೆ.

ಇತ್ತೀಚೆಗೆ ಅಕ್ಕನ ಮಗಳು ಜಮಖಾನದ ಅಂಚಿನಿಂದ ನಡುವಿಗೆ ಸರಿದಿದ್ದಾಳೆ. ಮೊದಲು ಮಾವನ ಪಕ್ಕ ಕೂತು ಅವರ ಹಾಗೆಯೇ ಆಡುತ್ತಿದ್ದಳು. ಈಗ ಪ್ರತಿ ಎಲೆ ಬಿದ್ದಾಗಲೂ ಅವಳ ಕಣ್ಣು ಅಲ್ಲಿಗೆ ಹೋಗಿ ಬರುತ್ತದೆ. ಮೊನ್ನೆಯ ಹಬ್ಬದಲ್ಲಿ ಮೊದಲ ಸುತ್ತಿಗೇ 20 ಬೀಜ ಎಣಿಸಿ ಮುಂದೆ ತಳ್ಳಿ, "ಈ ಕೈ ಆಗಂಗಿಲ್ಲ ಮಾಮಾ" ಎಂದು ಎಲೆ ಮಡಿಚಿದಳು. ಮಾವ ಎಂದಿನಂತೆ ನಕ್ಕರು. ನಾನು ನಗಲಿಲ್ಲ. ಮುಂದಿನ ಆಟದಲ್ಲಿ ಅವಳ ಸರದಿಗೆ ಮುಂಚೆ ಇಸ್ಪೀಟ್ 8 ಕೆಳಗೆ ಹಾಕಿದೆ. ಅವಳು ಅದನ್ನು ನೋಡಿದಳು, ನನ್ನ ಮುಖ ನೋಡಿದಳು, ಆಮೇಲೆ ಸಾವಕಾಶವಾಗಿ ಬೇರೆ ಎಲೆ ಬಿಟ್ಟಳು.